ಪರದೇಶದ ಪಂಡಿತರಿಗೆ ಕುಂದಗೋಳದ ಹಾದಿ

ಧಾರವಾಡಕ್ಕೆ ಅತಿಥಿಗಳು ಹೊಸಬರಲ್ಲ. 1918ರಲ್ಲಿ ಆರ್. ನರಸಿಂಹಾಚಾರ್ಯರ ಅಧ್ಯಕ್ಷತೆಯಲ್ಲಿ ಇಲ್ಲಿ ಸಾಹಿತ್ಯ ಸಮ್ಮೇಳನ ಕೂಡಿತ್ತು. 1957ರಲ್ಲಿ ಕುವೆಂಪು ಅವರ ಅಧ್ಯಕ್ಷತೆಯಲ್ಲಿ ಮತ್ತೆ ಕೂಡಿತು. 2019ರ ಜನವರಿ 4ರಿಂದ 6ರವರೆಗೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಚಂದ್ರಶೇಖರ ಕಂಬಾರರು ಅಧ್ಯಕ್ಷರಾಗಿದ್ದ 84ನೆಯ ಸಮ್ಮೇಳನಕ್ಕೆ ಕನ್ನಡ ನಾಡಿನ ಮೂಲೆಮೂಲೆಯ ಜನ ಬಂದು ಹೋದರು. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯಗಳ ಜೊತೆಗೆ 2016ರಿಂದ ಐ.ಐ.ಟಿ.ಯೂ ಸೇರಿಕೊಂಡ ಮೇಲೆ ಈ ಅವಳಿ ನಗರಕ್ಕೆ ಪರದೇಶದ ವಿದ್ವಾಂಸರ ದಾರಿಯೂ ತೆರೆದಿದೆ. ಅಂತಾರಾಷ್ಟ್ರೀಯ ಶಿಕ್ಷಣ ಪರಿಷತ್ತೊಂದನ್ನು ಧಾರವಾಡದಲ್ಲಿ ನಡೆಸುವುದು ಇಂದು ಯಾರಿಗೂ ಅಸಾಧ್ಯದ ಮಾತಾಗಿ ತೋರದು.

ಆದರೆ ಪರಿಷತ್ತು ಎಂದರೆ ಭಾಷಣವಷ್ಟೇ ಅಲ್ಲ. ಭಾಷಣವನ್ನು ಅತಿಥಿಗಳೇ ಬರೆದು ತರುತ್ತಾರೆ. ಅವರನ್ನು ಕರೆತರುವುದು, ಇಳಿಸುವುದು, ಉಣಿಸುವುದು, ಮರಳಿ ಕಳಿಸುವುದು ಕರೆದವರ ಪಾಲಿಗೆ ಬೀಳುವ ಕೆಲಸ. ಅದರ ಮೊದಲ ಹೆಜ್ಜೆ ದಿಲ್ಲಿಯಲ್ಲಿಯೇ ಬೀಳಬೇಕು. ಪರಿಷತ್ತಿಗಾಗಿ ಬರುವ ವಿದೇಶೀಯರು ಅದಕ್ಕೆಂದೇ ಇರುವ ವೀಸಾ ಪಡೆಯಬೇಕಾಗುವುದರಿಂದ, ಸರಕಾರದ ಒಪ್ಪಿಗೆಗಾಗಿ ಕಾಗದಪತ್ರಗಳು ತಿಂಗಳುಗಳ ಮೊದಲೇ ಹೊರಡುವುದು ಲೇಸು. ಹುಬ್ಬಳ್ಳಿಯಲ್ಲಿ ವಿಮಾನ ನಿಲ್ದಾಣವಿದ್ದರೂ ಹೊರದೇಶದ ವಿಮಾನಗಳು ಅಲ್ಲಿ ಇಳಿಯುವುದಿಲ್ಲ. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಗೋವೆಯಲ್ಲೋ ಇಳಿದು ಬರಬೇಕು. ಬೆಂಗಳೂರಿನಿಂದ ಧಾರವಾಡಕ್ಕೆ 2023ರ ಜೂನ್ ತಿಂಗಳಲ್ಲಿ ವಂದೇ ಭಾರತ್ ರೈಲು ಆರಂಭವಾದದ್ದು ಈ ಮಟ್ಟಿಗೆ ದೊಡ್ಡ ಅನುಕೂಲ. ಆದರೆ ಹುಬ್ಬಳ್ಳಿಯಲ್ಲಿ ಇಳಿಯುವ ವೃದ್ಧ ಪಂಡಿತರಿಗೆ ಒಂದು ಎಚ್ಚರಿಕೆಯನ್ನು ಕೊಡಲೇಬೇಕು: ಇಲ್ಲಿಯ ಪ್ಲಾಟ್‌ಫಾರಂ 1507 ಮೀಟರ್ ಉದ್ದದ್ದು, ಜಗತ್ತಿನಲ್ಲಿಯೇ ಅತ್ಯಂತ ದೀರ್ಘವಾದದ್ದೆಂದು ದಾಖಲೆಯಾಗಿದೆ. ಯಾವ ಡಬ್ಬಿ ಎಲ್ಲಿ ನಿಲ್ಲುತ್ತದೆಂಬುದನ್ನು ತಿಳಿಯದೆ ಹಾರ ಹಿಡಿದು ನಿಂತ ಸ್ವಾಗತ ಸಮಿತಿಯವರು ಆ ತುದಿಯಲ್ಲಿ, ಅತಿಥಿಗಳು ಈ ತುದಿಯಲ್ಲಿ ಆಗುವ ಸಂಭವ ಉಂಟು.

ವಸತಿಗೆ ಹುಬ್ಬಳ್ಳಿ–ಧಾರವಾಡಗಳೇ ನೆಲೆ. ಸುಮಾರು 20 ಕಿಲೋಮೀಟರುಗಳ ಅಂತರದ ಎರಡು ಊರುಗಳಲ್ಲಿ ಹೋಟೆಲುಗಳೂ ಅತಿಥಿಗೃಹಗಳೂ ಉಂಟು. ರಜೆಯ ದಿನಗಳಾಗಿದ್ದರೆ ವಿದ್ಯಾರ್ಥಿನಿಲಯಗಳನ್ನೂ ಬಿಡಿಸಿಕೊಳ್ಳಬಹುದು. ವಿದೇಶೀಯರನ್ನು ಇಳಿಸಿಕೊಂಡವರು, ಅದು ಹೋಟೆಲಾಗಿರಲಿ ಮನೆಯಾಗಿರಲಿ, 24 ಗಂಟೆಗಳೊಳಗೆ ಸರಕಾರಕ್ಕೆ ಆ ಸಂಗತಿಯನ್ನು ತಿಳಿಸಬೇಕೆಂಬ ನಿಯಮವನ್ನು ಮರೆಯುವಂತಿಲ್ಲ.

ಊಟದ ವಿಷಯದಲ್ಲಿ ಧಾರವಾಡದವರಿಗೆ ಉಪದೇಶ ಬೇಡ. ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇವುಗಳ ಮುಂದೆ ಯಾವ ದೇಶದವರೂ ಮುಖ ತಿರುಗಿಸಿದ್ದಿಲ್ಲ. ಖಾರವನ್ನು ತುಸು ಹಿಡಿದರೆ ಸಾಕು. ಆದರೆ ಯಾರು ಯಾರೊಡನೆ ಕುಳಿತು ಉಣ್ಣುತ್ತಾರೆಂಬ ಪ್ರಶ್ನೆ ಊಟದ ರುಚಿಗಿಂತ ದೊಡ್ಡದಾಗಿದ್ದ ಕಾಲವೊಂದಿತ್ತು. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಧಾರವಾಡದ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಸ್ವಾಗತಗೀತೆಯನ್ನು ಹಾಡಿದಳು. ಹಾಡಿಗೆ ಮೆಚ್ಚುಗೆ ಬಂದರೂ ಆಕೆಯ ಮನಸ್ಸಿನಲ್ಲಿ ಬೇರೊಂದು ಅಳುಕಿತ್ತು: ಊಟದ ಹೊತ್ತಿಗೆ ತನ್ನ ಜಾತಿಯ ಕಾರಣದಿಂದ ತನ್ನನ್ನು ಬೇರೆ ಕೂರಿಸುವರೇನೋ ಎಂಬುದು. ಆ ಅಳುಕನ್ನು ಆಕೆ ದೊಡ್ಡವಳಾದ ಮೇಲೂ ಮರೆಯಲಿಲ್ಲ. ಆ ಹುಡುಗಿಯೇ ಗಂಗೂಬಾಯಿ ಹಾನಗಲ್. ಅಧಿವೇಶನದ ಪಾಕಶಾಲೆ, ಪಂಕ್ತಿ, ಬಿಡಾರಗಳ ಏರ್ಪಾಡನ್ನು ಬರಿಯ ಲೆಕ್ಕಪತ್ರದ ಕೆಲಸವೆಂದು ತಿಳಿದವರು ಈ ಸಂಗತಿಯನ್ನು ಒಮ್ಮೆ ನೆನೆಯಬೇಕು.

ಎರಡು ದಿನ ಭಾಷಣಗಳು ಮುಗಿದ ಮೇಲೆ ಮೂರನೆಯ ದಿನ ಏನು? ಅತಿಥಿಗಳನ್ನು ಬಸ್ಸಿನಲ್ಲಿ ಕೂರಿಸಿ ಹಂಪೆಗೋ ಬಾದಾಮಿಗೋ ಹೊರಡಿಸುವುದು ಎಲ್ಲೆಡೆಯ ವಾಡಿಕೆ. ಹಂಪೆಯ ವೈಭವವನ್ನು ಅಲ್ಲಗಳೆಯುವವರಾರು? ಆದರೆ ಒಂದೇ ದಿನದಲ್ಲಿ ಹೋಗಿ ಬರುವವರು ವಿಜಯನಗರಕ್ಕಿಂತ ಬಸ್ಸಿನ ಕಿಟಕಿಯನ್ನೇ ಹೆಚ್ಚು ಹೊತ್ತು ನೋಡಬೇಕಾಗುತ್ತದೆ. ಮನುಷ್ಯನಿಗೆ ವಿದ್ಯೆಯನ್ನು ಹೇಗೆ ಕಲಿಸಬೇಕೆಂದು ಎರಡು ದಿನ ಚರ್ಚಿಸಿದವರಿಗೆ ಹಂಪೆಗಿಂತ ಹತ್ತಿರದಲ್ಲಿಯೇ ನೋಡತಕ್ಕ ಊರೊಂದಿದೆ. ಹುಬ್ಬಳ್ಳಿಯಿಂದ ರೈಲಿನಲ್ಲಿ ಅರ್ಧ ಗಂಟೆಯ ಹಾದಿ. ಅದೇ ಕುಂದಗೋಳ.

ರೈಲಿನಲ್ಲಿಯೇ ಹೋಗಬೇಕೆಂಬುದಕ್ಕೆ ಕಾರಣವುಂಟು. ಹುಬ್ಬಳ್ಳಿಯನ್ನು ಬಿಟ್ಟೊಡನೆ ಎರಡೂ ಕಡೆ ಎರೆಭೂಮಿ ಹರಡಿಕೊಳ್ಳುತ್ತದೆ. ಚಳಿಗಾಲವಾಗಿದ್ದರೆ ಜೋಳ, ಕಡಲೆ, ಕುಸುಬೆ, ಹತ್ತಿಯ ಹೊಲಗಳು. ಮಳೆಗಾಲದಲ್ಲಿ ಇದೇ ನೆಲ ಕಾಲನ್ನು ಹಿಡಿದು ಬಿಡದಷ್ಟು ಅಂಟು. ಆದ್ದರಿಂದ ಪರಿಷತ್ತನ್ನು ನವೆಂಬರಿನಿಂದ ಫೆಬ್ರವರಿಯೊಳಗೆ ಇಟ್ಟುಕೊಳ್ಳುವುದೇ ಜಾಣತನ. ಸಣ್ಣ ನಿಲ್ದಾಣ, ಸಣ್ಣ ಪೇಟೆ. ಇಲ್ಲಿಯ ಶಂಭುಲಿಂಗನ ಗುಡಿ ಚಾಲುಕ್ಯರ ಕಾಲದ ಶಿಲ್ಪಕ್ಕೆ ಹೆಸರಾದದ್ದು. ಸ್ವಾತಂತ್ರ್ಯದ ಮೊದಲು ಈ ತಾಲೂಕು ದೂರದ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಸುತ್ತಲೂ ಇಂಗ್ಲಿಷರ ಮುಂಬಯಿ ಪ್ರಾಂತ, ನಡುವೆ ಪಟವರ್ಧನ ಅರಸರ ಈ ತುಣುಕು.

ಊರಿನಲ್ಲಿ ನಾಡಿಗೇರರ ವಾಡೆ ಇದೆ. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನರು ಮೈಸೂರಿನ ಅರಮನೆಗೆ ಹಾಡಲು ಹೋಗುವಾಗ ಕುಂದಗೋಳದಲ್ಲಿಳಿದು ಈ ಮನೆಯ ಅತಿಥಿಗಳಾಗುತ್ತಿದ್ದರು. ದೂರದ ಪ್ರಯಾಣದ ನಡುವೆ ಒಂದು ತಂಗುದಾಣ, ಅಷ್ಟೇ. ಆದರೆ ಅದೇ ನಾಡಿಗೇರರಲ್ಲಿ ಕೆಲಸಕ್ಕಿದ್ದವರೊಬ್ಬರ ಮಗನಿಗೆ ಹಾಡಿನ ಹುಚ್ಚಿತ್ತು. ಆ ಬಾಲಕ ಖಾನ್‌ಸಾಹೇಬರ ಶಿಷ್ಯನಾದ. ಮರಾಠಿ ರಂಗಭೂಮಿಯಲ್ಲಿ ಮೆರೆದು ‘ಸವಾಯಿ ಗಂಧರ್ವ’ ಎಂಬ ಬಿರುದು ಪಡೆದ. ನಡುವಯಸ್ಸಿನಲ್ಲಿ ಊರಿಗೆ ಮರಳಿ ತಾನೇ ಗುರುವಾದ. ರಾಮಭಾವು ಕುಂದಗೋಳಕರರು (1886–1952) ಹೀಗೆ ಬೆಳೆದು ಬಂದವರು. ಉತ್ತರ ಹಿಂದುಸ್ತಾನದ ಕೈರಾನಾ ಎಂಬ ಊರಿನ ಗಾಯಕಿಗೆ ಕನ್ನಡದ ಎರೆನೆಲದಲ್ಲಿ ಬೇರು ಹಿಡಿದುದರ ಹಿಂದೆ ಯಾವ ವಿಶ್ವವಿದ್ಯಾಲಯದ ಯೋಜನೆಯೂ ಇರಲಿಲ್ಲ. ದಾರಿಹೋಕ ವಿದ್ವಾಂಸನಿಗೆ ಒಂದು ಮನೆ ಬಾಗಿಲು ತೆರೆದಿತ್ತು. ಸವಾಯಿ ಗಂಧರ್ವರ ಸ್ಮರಣೆಗಾಗಿ ಈ ವಾಡೆಯಲ್ಲಿ ಸಂಗೀತೋತ್ಸವ ನಡೆಯುತ್ತ ಬಂದಿದೆ. ದೊಡ್ಡ ದೊಡ್ಡ ಗವಾಯಿಗಳು ಈ ಸಣ್ಣ ಊರಿಗೆ ಬಂದು ಹಾಡುವುದನ್ನು ಗೌರವವೆಂದು ಬಗೆದಿದ್ದಾರೆ.

ಗುರುವಿನ ಬಳಿ ಕಲಿತವರ ಪೈಕಿ ಇಬ್ಬರ ಕಥೆಯನ್ನು ಅತಿಥಿಗಳಿಗೆ ಇಲ್ಲಿಯೇ ನಿಂತು ಹೇಳಬೇಕು. ರೋಣದಲ್ಲಿ ಜನಿಸಿದ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದು ವರ್ಷದ ಬಾಲಕನಾಗಿದ್ದಾಗ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೊರಟ. ಟಿಕೆಟಿಗೆ ಹಣವಿಲ್ಲ, ರೈಲಿನಲ್ಲಿ ಹಾಡಿ, ಕೇಳಿದವರ ದಯೆಯಿಂದ ಸಾಗಬೇಕು. ಗ್ವಾಲಿಯರ್, ಕಲಕತ್ತೆ, ದಿಲ್ಲಿ ಎಂದು ಅಲೆದು ಜಲಂಧರವನ್ನು ಮುಟ್ಟಿದಾಗ ಅಲ್ಲಿ ವಿನಾಯಕರಾವ್ ಪಟವರ್ಧನರು, ಸವಾಯಿ ಗಂಧರ್ವರು ನಿನ್ನ ಊರಿನ ಸಮೀಪದಲ್ಲಿಯೇ ಇರುವಾಗ ಇಷ್ಟು ದೂರ ಏಕೆ ಬಂದೆಯೆಂಬ ಅರ್ಥದಲ್ಲಿ ಬುದ್ಧಿ ಹೇಳಿದರು. ಅರ್ಧ ಭಾರತವನ್ನು ಸುತ್ತಿದ ಹುಡುಗ ಕಡೆಗೆ ಬಂದು ನಿಂತದ್ದು ಹುಟ್ಟೂರಿನಿಂದ ಬಹಳ ದೂರವಲ್ಲದ ಕುಂದಗೋಳದಲ್ಲಿ. 1936ರಿಂದ ಗುರುಗೃಹವಾಸ. ವಸತಿಗೆ ಬಾಡಿಗೆಯಿಲ್ಲ, ಆದರೆ ಬೆಲೆಯುಂಟು: ನೀರು ಹೊರಬೇಕು, ಮನೆಗೆಲಸ ಮಾಡಬೇಕು, ಪಾಠಕ್ಕಾಗಿ ಕಾಯಬೇಕು. ಇದು ಒಳ್ಳೆಯ ಶಿಕ್ಷಣಪದ್ಧತಿಯೇ ಎಂದು ಪರದೇಶದ ಪಂಡಿತರು ಕೇಳಿದರೆ ಆಶ್ಚರ್ಯವಿಲ್ಲ. ಕೇಳಲಿ. ಕೊಡ ಹೊತ್ತ ಎಲ್ಲ ಹುಡುಗರೂ ಭಾರತರತ್ನರಾಗುವುದಿಲ್ಲ. ಎಷ್ಟು ಮಂದಿ ಕೊಡವನ್ನು ಹೊತ್ತೇ ಹಿಂದಿರುಗಿದರೆಂಬುದನ್ನು ಯಾರೂ ಬರೆದಿಟ್ಟಿಲ್ಲ.

ಇನ್ನೊಬ್ಬರು ಗಂಗೂಬಾಯಿ. ಅವರಿಗೆ ಗುರುಗೃಹವಾಸ ಸಾಧ್ಯವಿರಲಿಲ್ಲ; ಹುಬ್ಬಳ್ಳಿಯಲ್ಲಿ ಮನೆಯಿತ್ತು, ಮಕ್ಕಳಿದ್ದರು, ಸಂಸಾರದ ಭಾರವಿತ್ತು. ಆದ್ದರಿಂದ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು, ಪಾಠ ಹೇಳಿಸಿಕೊಂಡು, ಮತ್ತೆ ರೈಲಿನಲ್ಲಿ ಮರಳುತ್ತಿದ್ದರು. ಒಂದೆರಡು ದಿನವಲ್ಲ, ವರ್ಷಗಟ್ಟಲೆ. ಸ್ವರದ ಒಂದೇ ತುಣುಕನ್ನು ದಿನಗಟ್ಟಲೆ ತಿದ್ದುವ ಗುರು. ಮುಗಿಯಿತೆಂದು ಎದ್ದರೆ ಗಾಡಿಯ ಹೊತ್ತು. ಆಗಿನ ಮೀಟರ್‌ಗೇಜಿನ ಆ ಗಾಡಿ ಇಲ್ಲದಿದ್ದರೆ ಆ ಹೆಣ್ಣುಮಗಳ ವಿದ್ಯೆ ಎಲ್ಲಿಗೆ ನಿಲ್ಲುತ್ತಿತ್ತೋ! ಹುಡುಗನಿಗೆ ಗುರುವಿನ ಪಡಸಾಲೆ ಶಾಲೆಯಾದರೆ ಗೃಹಿಣಿಗೆ ರೈಲಿನ ವೇಳಾಪಟ್ಟಿಯೇ ಶಾಲೆಯ ಬಾಗಿಲಾಯಿತು. ಹೆಣ್ಣುಮಕ್ಕಳ ಶಿಕ್ಷಣವನ್ನು ಕುರಿತು ಪರಿಷತ್ತುಗಳಲ್ಲಿ ಓದುವ ಪ್ರಬಂಧಗಳಲ್ಲಿ ಸಂಜೆಯ ಬಸ್ಸು, ರಾತ್ರಿಯ ಗಾಡಿಗಳ ಮಾತು ಬರುವುದು ಅಪರೂಪ. ಹಳ್ಳಿಯಿಂದ ಹುಬ್ಬಳ್ಳಿ–ಧಾರವಾಡದ ಕಾಲೇಜುಗಳಿಗೆ ದಿನಾಲು ಬಂದು ಹೋಗುವ ಹುಡುಗಿಯರಿಗೆ ಅದರ ಬೆಲೆ ಇಂದಿಗೂ ಗೊತ್ತು. ಈ ಕಾರಣಕ್ಕಾಗಿಯೇ ಅತಿಥಿಗಳನ್ನು ಮೋಟಾರಿನಲ್ಲಿ ಒಯ್ಯದೆ ರೈಲಿನಲ್ಲಿ ಒಯ್ಯಬೇಕು, ಅದೂ ಸಾದಾ ಗಾಡಿಯಲ್ಲಿ.

ಕುಂದಗೋಳ ತಾಲೂಕಿನದೇ ಕಳಸ ಎಂಬ ಹಳ್ಳಿಯ ಗೋವಿಂದಭಟ್ಟರನ್ನೂ ಇಲ್ಲಿ ನೆನೆಯಬಹುದು. ಶಿಶುನಾಳದ ಶರೀಫರಿಗೆ (1819–1889) ಗುರುಗಳಾದವರು ಅವರು. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ. ಊರು ಆಡಿಕೊಂಡರೂ ಇಬ್ಬರೂ ಒಬ್ಬರನ್ನೊಬ್ಬರು ಬಿಡಲಿಲ್ಲವೆಂದು ಈ ಭಾಗದ ಜನ ಇಂದಿಗೂ ಹೇಳುತ್ತಾರೆ.

ಹುಬ್ಬಳ್ಳಿಗೆ ಮರಳಿ, ಊಟ ಮುಗಿಸಿ, ಗದಗಿನ ದಾರಿಯಲ್ಲಿ ಸುಮಾರು 35 ಕಿಲೋಮೀಟರ್ ಹೋದರೆ ಅಣ್ಣಿಗೇರಿ. 76 ಕಂಬಗಳ ಅಮೃತೇಶ್ವರ ದೇವಾಲಯ ಹನ್ನೊಂದನೆಯ ಶತಮಾನದ್ದು. ಕಲ್ಯಾಣದ ಚಾಲುಕ್ಯರ ಕೊನೆಯ ಅರಸು ನಾಲ್ಕನೆಯ ಸೋಮೇಶ್ವರನಿಗೆ ಈ ಊರು ರಾಜಧಾನಿಯಾಗಿತ್ತು. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ತಿಳಿಸುವ ಶಾಸನ ಸಿಕ್ಕಿರುವುದು ಮಾತ್ರ ಇಲ್ಲಲ್ಲ, ತೆಲಂಗಾಣದ ಕುರ್ಕ್ಯಾಲದಲ್ಲಿ. ಪಂಪನೂ ಬಾಳಿದ್ದು ಆ ಕಡೆಯ ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ. ಬೇರೆ ಬೇರೆ ದೇಶಗಳಲ್ಲಿ ಅಧ್ಯಾಪಕರಾಗಿರುವ ಅತಿಥಿಗಳಿಗೆ ಇದನ್ನು ವಿವರಿಸಿ ಹೇಳಬೇಕಾದದ್ದಿಲ್ಲ.

ಕಲಘಟಗಿಯ ದಿಕ್ಕು ಬೇರೆ. ಗೋವೆ, ಕಾರವಾರದ ಕಡೆಗೆ ಹೊರಡುವವರು ಆ ಮಾರ್ಗವಾಗಿ ಹೋಗುತ್ತ ಬಣ್ಣ ಬಣ್ಣದ ಮರದ ತೊಟ್ಟಿಲುಗಳನ್ನು ಮಾಡುವ ಕುಶಲಿಗಳನ್ನು ಕಂಡು ಹೋಗಬಹುದು.

ಅಣ್ಣಿಗೇರಿಯಿಂದ ಬಡಗಣಕ್ಕೆ ತಿರುಗಿದರೆ ನವಲಗುಂದ. ಇಲ್ಲಿಯ ಜಮಖಾನೆಗಳಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ವಿಜಯಪುರದ ಆದಿಲಶಾಹಿ ಕಾಲದಲ್ಲಿ ಬಂದು ನೆಲೆಸಿದರೆನ್ನಲಾದ ಮುಸ್ಲಿಂ ಕುಟುಂಬಗಳ ಹೆಂಗಸರು ನಿಲುವು ಮಗ್ಗದ ಮುಂದೆ ಕುಳಿತು ಹತ್ತಿಯ ನೂಲಿನಲ್ಲಿ ನವಿಲನ್ನೂ ಪಗಡೆಯ ಹಾಸನ್ನೂ ನೇಯುತ್ತಾರೆ. ಹಾಸಲಿಕ್ಕೆ ಜಮಖಾನೆ, ನಮಾಜಿಗೆ ಜಾನಮಾಜು, ಕುದುರೆ ಎತ್ತುಗಳ ಮೇಲೆ ಹೊದಿಸಲು ಗುಡಾರ. ಶಿಕ್ಷಣವೇತ್ತರು ಬೆರಗಾಗಬೇಕಾದದ್ದು ಈ ವಿದ್ಯೆಯ ಪಾಠಕ್ರಮಕ್ಕೆ. ಮಗಳು ಮದುವೆಯಾಗಿ ಹೊರಗೆ ಹೋದರೆ ಗುಟ್ಟೂ ಹೊರಗೆ ಹೋದೀತೆಂಬ ಭಯದಿಂದ ಮಗಳಿಗೆ ಕಲಿಸದೆ, ಮನೆಗೆ ಬಂದ ಸೊಸೆಗೆ ಕಲಿಸುತ್ತಿದ್ದರೆಂಬ ಮಾತುಂಟು. ಗುಟ್ಟೇನೋ ಉಳಿಯಿತು, ನೇಯುವ ಕೈಗಳು ಉಳಿಯಲಿಲ್ಲ. ಓಣಿಯ ತುಂಬ ಇದ್ದ ಮಗ್ಗಗಳು ಬೆರಳೆಣಿಕೆಗೆ ಇಳಿದಿವೆ. ದಿನವಿಡೀ ಕುಳಿತು ನೇಯ್ದರೂ ಕೂಲಿ ಗಿಟ್ಟದ ಕೆಲಸವನ್ನು ಓದಿದ ಸೊಸೆ ಏಕೆ ಕಲಿತಾಳು? ಕುಂದಗೋಳದಲ್ಲಿ ಕಲಿಯುವವರು ಗುರುವನ್ನು ಹುಡುಕಿಕೊಂಡು ಬಂದರು. ನವಲಗುಂದದಲ್ಲಿ ಕಲಿಸುವವರು ಕಲಿಯುವವರನ್ನು ಹುಡುಕುವಂತಾಗಿದೆ.

ಇಲ್ಲಿ ಪರಿಷತ್ತಿನವರು ಮಾಡಬಹುದಾದ ಕೆಲಸವೊಂದುಂಟು. ಅತಿಥಿಗಳಿಗೆ ಕೊಡುವ ಶಾಲು, ಹಾರ, ಫಲಕಗಳ ಹಣವನ್ನು ಕೂಡಿಸಿ ಆರು ತಿಂಗಳು ಮೊದಲೇ ನವಲಗುಂದದ ಹೆಣ್ಣುಮಕ್ಕಳಿಗೆ ಸಣ್ಣ ಅಳತೆಯ ಜಮಖಾನೆಗಳನ್ನು ನೇಯಲು ಹೇಳಬೇಕು. ಮೊದಲೇ ಹೇಳಬೇಕು, ಏಕೆಂದರೆ ಇದು ವಾರದೊಪ್ಪತ್ತಿನಲ್ಲಿ ಆಗುವ ಸರಕಲ್ಲ. ಮುಂಗಡವನ್ನೂ ಕೊಡಬೇಕು, ಏಕೆಂದರೆ ನೂಲು ಸಾಲದಲ್ಲಿ ಬರಬಾರದು. ಹುಬ್ಬಳ್ಳಿಯಿಂದ ಹೊರಡುವ ವಿಮಾನದಲ್ಲಿ ಒಬ್ಬರಿಗೆ ಸಾಮಾನ್ಯವಾಗಿ 15 ಕಿಲೋ ಸಾಮಾನಿಗಷ್ಟೇ ಅವಕಾಶ. ಜಮಖಾನೆ ತೂಕದ್ದು, ಪರಿಷತ್ತಿನ ಪ್ರಬಂಧಸಂಪುಟಗಳೂ ತೂಕದವೇ. ಎರಡರಲ್ಲಿ ಒಂದನ್ನು ಬಿಟ್ಟು ಹೋಗಬೇಕಾದ ಪ್ರಸಂಗ ಬಂದರೆ ಸಂಪುಟಗಳನ್ನು ಅಂಚೆಯಲ್ಲಿ ಕಳುಹಿಸಿಕೊಡುವುದಾಗಿ ಕಾರ್ಯದರ್ಶಿಗಳು ಅತಿಥಿಗಳಿಗೆ ಮೊದಲೇ ತಿಳಿಸಿಟ್ಟಿರುವುದು ಒಳ್ಳೆಯದು.