ಮಟ್ಟುವಿನಲ್ಲಿ ಕಲಿತ ಲೆಕ್ಕ

ಮಕ್ಕಳೇ, 38 ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು ನಾನು. ಆದರೆ ಗಿಡದ ಲೆಕ್ಕ ತಿಳಿದದ್ದು ಕಳೆದ ಜನವರಿಯಲ್ಲಿ, ಉಡುಪಿ ಬಳಿಯ ಮಟ್ಟು ಗ್ರಾಮದಲ್ಲಿ.

ನಮ್ಮ ಮೈಸೂರಿನ ಮನೆಯ ತಾರಸಿಯಲ್ಲಿ ಮೊಮ್ಮಗಳು ಅಜ್ಜಿಯ ಜೊತೆ ಸೇರಿ ಕುಂಡದಲ್ಲಿ ಬದನೆ ಸಸಿ ನೆಟ್ಟಿದ್ದಳು. ಮಳೆಗಾಲ ಮುಗಿಯುವ ಮೊದಲೇ ಅಜ್ಜಿ ತೀರಿಕೊಂಡಳು. ಗಿಡ ನಾಲ್ಕು ಕಾಯಿ ಬಿಟ್ಟಿತು. "ಅಜ್ಜಿ ನೆಟ್ಟಿದ್ದು, ಯಾರೂ ಕೀಳಬಾರದು" ಎಂದು ಮೊಮ್ಮಗಳ ಹಟ. ಕಾಯಿಗಳು ಬಲಿತು ಹಳದಿಯಾದವು. ಆಮೇಲೆ ಚಿಗುರೂ ಇಲ್ಲ, ಹೂವೂ ಇಲ್ಲ. ನೀರು, ಗೊಬ್ಬರ ಹಾಕಿದರೂ ಗಿಡ ಹಾಗೆಯೇ ನಿಂತಿತು. "ಇದೂ ಸತ್ತುಹೋಗುತ್ತಾ ತಾತ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.

ಉಡುಪಿಗೆ ಹೋದಾಗ ಅವಳನ್ನು ಮಟ್ಟುವಿಗೆ ಕರೆದೊಯ್ದೆ. ಕಟಪಾಡಿಯಲ್ಲಿ ಬಸ್ಸಿಳಿದು, ರಿಕ್ಷಾದಲ್ಲಿ ಕಡಲಿನ ಕಡೆಗೆ ಹೋಗಬೇಕು. ಮರಳು ಬೆರೆತ ಮಣ್ಣಿನಲ್ಲಿ ಸಾಲು ಸಾಲು ಬದನೆ ಗಿಡಗಳು. ದುಂಡನೆಯ ಈ ತಿಳಿಹಸಿರು ಬದನೆಯೇ ಮಟ್ಟುಗುಳ್ಳ. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜದಿಂದ ಬಂದದ್ದೆಂದು ಊರವರ ನಂಬಿಕೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು.

ಗುಳ್ಳ ಕೊಯ್ಯುತ್ತಿದ್ದ ಹೆಂಗಸೊಬ್ಬರಿಗೆ ಮೊಮ್ಮಗಳೇ ತನ್ನ ಗಿಡದ ಕತೆ ಹೇಳಿದಳು. ಅವರು ನಕ್ಕರು. "ನೋಡು ಮಗಾ, ಗಿಡಕ್ಕೆ ಬೇಕಾದ್ದು ಬೀಜ. ಕಾಯಿ ಬಲಿತರೆ ಅದರ ಕೆಲಸ ಮುಗೀತು. ಎಳತು ಇರುವಾಗಲೇ ಕೊಯ್ದರೆ ಮತ್ತೆ ಹೂ ಬಿಡ್ತದೆ. ಬೀಜಕ್ಕೆ ಅಂತ ನಾವು ಒಂದೆರಡು ಗಿಡದಲ್ಲಿ ಮಾತ್ರ ಕಾಯಿ ಉಳಿಸೋದು."

ನನ್ನ ಬ್ಯಾಂಕಿನ ಭಾಷೆಯಲ್ಲಿ ಹೇಳುತ್ತೇನೆ. ಎಲೆಗಳು ಬಿಸಿಲಿನಿಂದ ಸಕ್ಕರೆ ತಯಾರಿಸಿ ಖಾತೆಗೆ ಜಮಾ ಮಾಡುತ್ತವೆ. ಬೇರು, ಚಿಗುರು, ಹೂವು, ಕಾಯಿ ಎಲ್ಲಕ್ಕೂ ಅದರಿಂದಲೇ ಖರ್ಚು. ಬೀಜ ಬಲಿಯುತ್ತಿರುವ ಕಾಯಿಯದು ದೊಡ್ಡ ಚೆಕ್ಕು! ಅದು ಹೆಚ್ಚಿನ ಪಾಲನ್ನು ಎಳೆದುಕೊಳ್ಳುತ್ತದೆ. ಜೊತೆಗೆ, ಬೀಜಗಳಲ್ಲಿ ಹುಟ್ಟುವ ಹಾರ್ಮೋನುಗಳು ಹೊಸ ಹೂಕಾಯಿಗಳನ್ನು ತಡೆಯುತ್ತವೆ. ಬೆಂಡೆ, ಹುರುಳಿಕಾಯಿ, ಸೌತೆಯದೂ ಇದೇ ಲೆಕ್ಕ.

ಮನೆಗೆ ಬಂದವಳೇ ಕತ್ತರಿ ಹಿಡಿದು ನಾಲ್ಕೂ ಕಾಯಿಗಳನ್ನು ತಾನೇ ಕತ್ತರಿಸಿದಳು. ಕಣ್ಣಲ್ಲಿ ನೀರಿತ್ತು. ಚೆನ್ನಾಗಿ ಬಲಿತ ಕಾಯಿಯ ಬೀಜ ತೊಳೆದು, ನೆರಳಲ್ಲಿ ಒಣಗಿಸಿ ಅಜ್ಜಿಯ ಕುಂಕುಮದ ಭರಣಿಯಲ್ಲಿಟ್ಟೆವು. ಕೆಲವು ವಾರಗಳಲ್ಲಿ ಗಿಡ ಚಿಗುರಿತು, ನೇರಳೆ ಹೂ ಬಿಟ್ಟಿತು. ಯುಗಾದಿಯ ಹೊತ್ತಿಗೆ ಐದು ಎಳೆ ಕಾಯಿ. ಈ ಸಲ ಅವಳೇ ಕೊಯ್ದು ತಂದಳು. "ಅಜ್ಜಿ ಮಾಡ್ತಿದ್ದ ಎಣ್ಣೆಗಾಯಿ ಮಾಡೋಣ ತಾತ."

ಭರಣಿಯ ಬೀಜಗಳನ್ನು ಬರುವ ಮಳೆಗಾಲದಲ್ಲಿ ಬಿತ್ತುತ್ತೇವೆ.