ಮಾಡಿನ ಮೇಲೊಬ್ಬ, ಕೆಳಗೆ ಮೂವರು

ಮಲೆನಾಡಿನ ಹೆಂಚಿನ ಮನೆಗಳಲ್ಲಿ ಮೇ ತಿಂಗಳೆಂದರೆ ಜಗಳದ ತಿಂಗಳು. ಮಳೆ ಹಿಡಿಯುವ ಮೊದಲು ಹೆಂಚು ಕೈಯಾಡಿಸಿ ಮುಗಿಸಬೇಕು. ಆಳು ಸಿಗುವುದಿಲ್ಲ, ಸಿಕ್ಕವರಿಗೆ ಪುರುಸೊತ್ತಿಲ್ಲ. ಕೊನೆಗೆ ಮನೆಯವರೇ ಏಣಿ ಹಾಕುತ್ತಾರೆ.

ನಮ್ಮಲ್ಲಿ ಮಾಡು ಹತ್ತುವವನು ಅಣ್ಣ. ಅಪ್ಪಯ್ಯ ಅಂಗಳದಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು, "ಎಡಕ್ಕೆ ಹೋಗು ಮಾರಾಯ, ಎಡಕ್ಕೆ!" ಎಂದು ಕೂಗುತ್ತಾರೆ. ಮನೆಗೆ ಮುಖಮಾಡಿ ನಿಂತ ಅವರ ಎಡ, ಅಂಗಳಕ್ಕೆ ಮುಖಮಾಡಿ ಕೂತ ಅಣ್ಣನ ಬಲ. ಅವನು ಹೇಳಿದಂತೆಯೇ ಎಡಕ್ಕೆ ಸರಿಯುತ್ತಾನೆ. ಅಪ್ಪಯ್ಯನಿಗೆ ಮಗ ಬೇಕಂತಲೇ ಎದುರುತ್ತರ ಕೊಟ್ಟಂತೆ ಕಾಣುತ್ತದೆ. ಅಮ್ಮ ಎಡಬಲದ ಗೊಡವೆಗೇ ಹೋಗುವುದಿಲ್ಲ. "ಬಾವಿ ಬದಿಗೆ ಹೋಗೋ" ಅನ್ನುತ್ತಾಳೆ. ಬಾವಿ ಯಾರು ಎತ್ತ ತಿರುಗಿದರೂ ಇದ್ದಲ್ಲೇ ಇರುತ್ತದೆ.

ಮಂಗಳೂರು ಹೆಂಚಿಗೆ ಗಾರೆ ಬೇಡ, ಮೊಳೆ ಬೇಡ. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂತರೆ ಆಯಿತು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹಬ್ಬಿದ ಹೆಂಚು ಇದು. ಆಮೇಲೆ ಬಂದ ಬೇರೆ ಬೇರೆ ಕಾರ್ಖಾನೆಯವು ಒಂದರ ಪಕ್ಕ ಒಂದು ಸರಿಯಾಗಿ ಕೂರದೆ ಸತಾಯಿಸುವುದೂ ಉಂಟು. ಅದಕ್ಕೇ ಅಪ್ಪಯ್ಯ ಕೊಟ್ಟಿಗೆಯ ಮೂಲೆಯಲ್ಲಿ ಹಳೇ ಹೆಂಚು ಪೇರಿಸಿಟ್ಟಿರುವುದು. ಈ ಒಂದು ವಿಷಯದಲ್ಲಿ ಅವರ ಮಾತನ್ನು ಯಾರೂ ತೆಗೆದುಹಾಕುವಂತಿಲ್ಲ.

ಹೆಂಚು ಬದಲಿಸುವುದು ಸುಲಭ. ಯಾವುದನ್ನು ಎಂಬುದೇ ಪೇಚು. ಬಿರುಕಿನಲ್ಲಿ ಇಳಿದ ನೀರು ನೆಟ್ಟಗೆ ಬೀಳುವುದಿಲ್ಲ. ರೀಪು ಹಿಡಿದು, ಪಕ್ಕಾಸಿನ ಅಡಿಯಲ್ಲಿ ಇಳಿಜಾರಿಗೆ ಹರಿದು, ಎಲ್ಲೋ ಕೆಳಗೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕುವ ಜಾಗದ ನೇರ ಮೇಲಿನ ಹೆಂಚನ್ನೇ ತೆಗೆಯುವುದು ಗಂಡಸರ ಹಠ. ಯಾವ ಮಳೆಗೆ ಎಲ್ಲಿ ಸೋರುತ್ತದೆಂದು ಬಲ್ಲವಳು ರಾತ್ರಿ ಎದ್ದು ಪಾತ್ರೆ ಇಡುವವಳು. "ಸುಮ್ಮನೆ ಸುರಿದ್ರೆ ಅಲ್ಲಿ ಸೋರೂದಿಲ್ಲ, ಪಡುಗಾಳಿ ಬಂದ್ರೆ ಮಾತ್ರ" ಎಂದು ಅಮ್ಮ ಹೇಳಿದ್ದು ಎಷ್ಟು ಸಲವೋ. ಗಾಳಿಗೆ ನೀರು ಹೆಂಚಿನ ಸಂದಿಯಲ್ಲಿ ಮೇಲಕ್ಕೇರುತ್ತದೆ, ಒಡಕೇ ಇರಬೇಕೆಂದಿಲ್ಲ. ಈ ಸಲ ಅಣ್ಣ ಮೇಲಿಂದಲೇ ಕೇಳಿದ: "ಅಮ್ಮಾ, ನೀನೇ ಹೇಳು, ಎಲ್ಲಿ?"

ಅಮ್ಮ ಬಾಯಲ್ಲಿ ಹೇಳಲಿಲ್ಲ. ಅಟ್ಟ ಹತ್ತಿ ಕೋಲಿನ ತುದಿಯಿಂದ ಒಳಗಿನಿಂದ ಒಂದೊಂದೇ ಹೆಂಚು ಕುಟ್ಟಿದಳು. ಗಟ್ಟಿ ಹೆಂಚು ಟಣ್ ಎನ್ನುತ್ತದೆ, ಸೀಳಿದ್ದು ಡಬ್ಬೆನ್ನುತ್ತದೆ. ಅಣ್ಣ ಕಿವಿಗೊಟ್ಟು ಕೂತ. ಅಂಗಳದಿಂದ ಅಪ್ಪಯ್ಯ ಏನೋ ಹೇಳಲು ಬಾಯಿ ತೆರೆದರು. "ಶ್! ಕೇಳಿಸ್ತಾ ಇಲ್ಲ" ಎಂದು ಮೇಲಿನವನೂ ಒಳಗಿನವಳೂ ಒಟ್ಟಿಗೆ ಗದರಿದರು. ಹೆಂಚು ದಾಟಿಸಲು ಏಣಿಯಲ್ಲಿ ನಿಂತಿದ್ದ ನನಗೆ ನಗು ತಡೆಯಲಾಗಲಿಲ್ಲ.

ಡಬ್ಬೆಂದವು ನಾಲ್ಕು. ಅಪ್ಪಯ್ಯ ಮುಖ ಊದಿಸಿಕೊಂಡೇ ಕೊಟ್ಟಿಗೆಗೆ ಹೋಗಿ ಐದು ತಂದರು. "ಒಂದು ಹೆಚ್ಚಾಯ್ತಲ್ಲ" ಅಂದೆ.

"ಇಳಿವಾಗ ನಿನ್ನಣ್ಣ ಒಂದು ಒಡೀತಾನೆ, ನೋಡ್ತಿರು."