ಲಬ್-ಡಬ್ ನಡುವಿನ ಸದ್ದು

ಚಿಕ್ಕಂದಿನಲ್ಲಿ ನಮ್ಮ ಅಕ್ಕನಿಗೆ ಪದೇ ಪದೇ ಗಂಟಲು ನೋವು, ಜ್ವರ, ಆಮೇಲೆ ಕೀಲುನೋವು. ಬೆಳೆಯೋ ವಯಸ್ಸು ಅಂತ ಸುಮ್ಮನಿದ್ದೆವು. ಹೃದಯದ ಕವಾಟ ಕೆಟ್ಟಿದೆ ಎಂದು ಗೊತ್ತಾಗಿದ್ದು ಹೆರಿಗೆಗೆ ಹೋದಾಗ. ಲಬ್-ಡಬ್ ನಡುವೆ 'ಸುಯ್' ಎನ್ನುವ ಸದ್ದು ಅಷ್ಟು ವರ್ಷವೂ ಇತ್ತೇನೋ.

ಆ ಸದ್ದನ್ನು ಗುರುತಿಸಲು ಈಗ ಕಂಪ್ಯೂಟರಿಗೆ ಕಲಿಸುತ್ತಿದ್ದಾರೆ. ಬ್ರೆಜಿಲ್‌ನಲ್ಲಿ 2014 ಮತ್ತು 2015ರ ಶಿಬಿರಗಳಲ್ಲಿ 1,568 ಜನರ, ಹೆಚ್ಚಾಗಿ ಮಕ್ಕಳ, ಎದೆಬಡಿತ ರೆಕಾರ್ಡ್ ಮಾಡಿದರು. 'ಸುಯ್' ಎಲ್ಲೆಲ್ಲಿದೆ ಎಂದು ಬಲ್ಲವರು ಗುರುತು ಹಾಕಿಕೊಟ್ಟರು. ಅದರಿಂದ ಯಂತ್ರ ಕಲಿಯುತ್ತದೆ. ಮಗು ಅತ್ತರೆ, ಪಕ್ಕದವರು ಮಾತಾಡಿದರೆ ಯಂತ್ರವೂ ತಪ್ಪಬಹುದು. ಅನುಮಾನ ಬಂದರೆ ಎಕೋ ಸ್ಕ್ಯಾನ್ ಬೇಕೇ ಬೇಕು.

ಯಂತ್ರ ಊರಿಗೆ ಬರಲಿ ಎಂದು ಕಾಯಬೇಡಿ. ಗಂಟಲು ನೋವಾದ ಎರಡು-ಮೂರು ವಾರಕ್ಕೆ ಮಗುವಿನ ಕೀಲು ಊದಿದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಎದೆಗೂ ಸ್ಟೆತಾಸ್ಕೋಪ್ ಇಟ್ಟು ನೋಡಿ ಎಂದು ಕೇಳಿ. ಅವತ್ತು ನಾವು ಕೇಳಲಿಲ್ಲ.